ಯಂತ್ರಗಳು ತಯಾರಿವೆ, ಪ್ರಶ್ನೆ ಕೇಳುವವರು ಬೇಕು

ಹೆಗ್ಗೋಡಿನ ಸುತ್ತಮುತ್ತ ಈಗ ಕಂಪ್ಯೂಟರ್ ಇರುವ ಮನೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕೊರೊನಾ ಕಾಲದಲ್ಲಿ ಬೆಂಗಳೂರು ಬಿಟ್ಟು ಬಂದು ಮಹಡಿಯ ಮೇಲೆಯೇ ಆಫೀಸು ತೆರೆದವರ ಲ್ಯಾಪ್‌ಟಾಪ್ ಇದೆ, ಸಾಗರದ ಕಾಲೇಜಿಗೆ ಹೋಗುವ ಮಗಳದೊಂದಿದೆ, ಜಗಲಿಯ ಮೂಲೆಯಲ್ಲಿ ಹಳೇ ಪಂಚೆ ಹೊದ್ದು ಕೂತ ಡೆಸ್ಕ್‌ಟಾಪ್ ಕೂಡ ಇದೆ. ಇವುಗಳಲ್ಲಿ ಬಹಳಷ್ಟು ದಿನದ ಹೆಚ್ಚು ಹೊತ್ತು ಏನೂ ಮಾಡುವುದಿಲ್ಲ. ತೋಟದ ಲೆಕ್ಕ ಬರೆಯುವಾಗ, ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವಾಗಲೂ ಪ್ರೊಸೆಸರ್ ತನ್ನ ಶಕ್ತಿಯ ಸಣ್ಣದೊಂದು ಪಾಲನ್ನಷ್ಟೇ ಬಳಸುತ್ತಿರುತ್ತದೆ. ಉಳಿದದ್ದು ಸುಮ್ಮನೆ ಬಿದ್ದಿರುತ್ತದೆ.

ಹಾಗೆ ಸುಮ್ಮನೆ ಬಿದ್ದ ಶಕ್ತಿಯನ್ನು ಕ್ಯಾನ್ಸರ್, ಕ್ಷಯ, ಡೆಂಗಿ, ಆಲ್ಝೈಮರ್‌ನಂಥ ಕಾಯಿಲೆಗಳ ಸಂಶೋಧನೆಗೆ ಕೊಡುವ ವ್ಯವಸ್ಥೆಯೊಂದು ಕಾಲು ಶತಮಾನದಿಂದ ನಡೆಯುತ್ತಿದೆ. ದುಡ್ಡು ಕಳಿಸಬೇಕಿಲ್ಲ, ವಿಜ್ಞಾನ ಓದಿರಬೇಕಿಲ್ಲ. ಉಚಿತವಾಗಿ ಸಿಗುವ ಒಂದು ತಂತ್ರಾಂಶ ಹಾಕಿಕೊಂಡರೆ ಸಾಕು. ನೀವು ಎದ್ದು ಕೊಟ್ಟಿಗೆ ಕಡೆ ಹೋದ ಕೂಡಲೇ ಅದು ದೂರದ ಯಾವುದೋ ಪ್ರಯೋಗಾಲಯದ ಲೆಕ್ಕ ಬಿಡಿಸಲು ಕೂರುತ್ತದೆ. ಬಂದು ಮೌಸ್ ಮುಟ್ಟಿದರೆ ಬದಿಗೆ ಸರಿಯುತ್ತದೆ. ಕೇಳುವುದಕ್ಕೆ ಖರ್ಚಿಲ್ಲದ ಪುಣ್ಯದ ಕೆಲಸ. ಆದರೆ ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಸುದ್ದಿಗೆ ಕಿವಿ ನಿಮಿರಿಸುವ ಸಾಗರ, ಹೊಸನಗರ, ತೀರ್ಥಹಳ್ಳಿಯವರು ಇದರ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಿದರೆ ತಪ್ಪಲ್ಲ. ಇದರಿಂದ ನಿಜಕ್ಕೂ ಔಷಧ ಹುಟ್ಟುತ್ತದೆಯೆ? ಹುಟ್ಟುವುದಾದರೆ ಯಾರ ಕಾಯಿಲೆಗೆ?

ಮೊದಲು ಇದು ಶುರುವಾದ ಬಗೆ. 1999ರ ಮೇ ತಿಂಗಳಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ‘ಸೆಟಿ ಅಟ್ ಹೋಮ್’ ಎಂಬ ಯೋಜನೆ ಶುರು ಮಾಡಿದರು. ಅನ್ಯಗ್ರಹದವರ ಸುಳಿವೇನಾದರೂ ಇದೆಯೇ ಎಂದು ರೇಡಿಯೊ ದೂರದರ್ಶಕ ಹಿಡಿದ ಸಂಕೇತಗಳನ್ನು ಜರಡಿ ಹಿಡಿಯುವುದಿತ್ತು. ಕೈಯಲ್ಲಿದ್ದ ಕಂಪ್ಯೂಟರು ಸಾಲುತ್ತಿರಲಿಲ್ಲ. ಜನರ ಮನೆಯ ಕಂಪ್ಯೂಟರ್ ಕೇಳಿದರು, ಲಕ್ಷಾಂತರ ಮಂದಿ ಕೊಟ್ಟರು. 2020ರ ಮಾರ್ಚ್ ಕೊನೆಗೆ ಹೊಸ ಕೆಲಸ ಹಂಚುವುದನ್ನು ನಿಲ್ಲಿಸುವವರೆಗೂ ಅನ್ಯಗ್ರಹದವರು ಸಿಗಲಿಲ್ಲ. ಆದರೆ ಊರೂರಿನ ಸಣ್ಣ ಯಂತ್ರಗಳನ್ನು ಸೇರಿಸಿದರೆ ಸೂಪರ್ ಕಂಪ್ಯೂಟರಿನ ಕೆಲಸ ತೆಗೆಯಬಹುದು ಎಂಬುದು ಖಾತ್ರಿಯಾಯಿತು. 2000ದ ಅಕ್ಟೋಬರಿನಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜಯ್ ಪಾಂಡೆ ಅವರ ತಂಡ ಇದೇ ದಾರಿಯಲ್ಲಿ ಪ್ರೋಟೀನುಗಳ ಅಧ್ಯಯನಕ್ಕೆಂದು ‘ಫೋಲ್ಡಿಂಗ್ ಅಟ್ ಹೋಮ್’ ತಂದಿತು. ಸೆಟಿಯ ಹಿಂದಿದ್ದ ಡೇವಿಡ್ ಆಂಡರ್‌ಸನ್ ಅವರು, ಯಾವ ವಿಜ್ಞಾನಿ ಬೇಕಾದರೂ ತನ್ನ ಯೋಜನೆಗೆ ಬಳಸಿಕೊಳ್ಳಬಹುದಾದ ‘ಬೊಯಿಂಕ್’ ಎಂಬ ಮುಕ್ತ ತಂತ್ರಾಂಶ ಕಟ್ಟಿದರು. 2004ರ ನವೆಂಬರಿನಲ್ಲಿ ಐಬಿಎಂ ‘ವರ್ಲ್ಡ್ ಕಮ್ಯುನಿಟಿ ಗ್ರಿಡ್’ ತೆರೆಯಿತು. 2021ರಲ್ಲಿ ಅದು ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯ ಕೈಗೆ ಹೋಯಿತು. 2005ರಲ್ಲಿ ಬಂದ ‘ರೊಸೆಟಾ ಅಟ್ ಹೋಮ್’ ಡೇವಿಡ್ ಬೇಕರ್ ಅವರ ಪ್ರಯೋಗಾಲಯದ್ದು. ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡಿದ್ದಕ್ಕೆ ಬೇಕರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಬಂತು.

ಒಂದು ದೊಡ್ಡ ಲೆಕ್ಕವನ್ನು ಸಾವಿರಾರು ಮನೆಗಳಿಗೆ ಹಂಚುವುದು ಹೇಗೆ? ಅಡಿಕೆ ಸುಲಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಅಂಗಳದಲ್ಲಿ ಕೊನೆಗಳ ರಾಶಿ ಬಿದ್ದಿರುತ್ತದೆ. ಹತ್ತು ಜನ ಮೆಟ್ಟುಗತ್ತಿ ಹಿಡಿದು ಕೂತರೆ ಒಬ್ಬೊಬ್ಬರೂ ತಮ್ಮ ಪಾಲನ್ನು ಎಳೆದುಕೊಂಡು ಸುಲಿಯುತ್ತಾರೆ. ಪಕ್ಕದವರ ಕೈ ಎಷ್ಟು ಓಡುತ್ತದೆ ಎಂಬುದರ ಮೇಲೆ ತಮ್ಮ ಕೆಲಸ ನಿಲ್ಲುವುದಿಲ್ಲ. ಒಬ್ಬರು ನಡುವೆ ಎದ್ದು ಹೋದರೆ ಅವರ ಬುಟ್ಟಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾರೆ. ಆದರೆ ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸುವ ಕೆಲಸವನ್ನು ಹಾಗೆ ಹತ್ತು ಮನೆಗೆ ಹಂಚಲು ಬರುವುದಿಲ್ಲ. ಲೆಕ್ಕಗಳಲ್ಲೂ ಸುಲಿತದಂಥವು ಬೇರೆ, ಹಂಡೆಯಂಥವು ಬೇರೆ. ಸುಲಿತದಂಥ ಲೆಕ್ಕಗಳು ಮಾತ್ರ ಮನೆ ಕಂಪ್ಯೂಟರಿಗೆ ಬರುತ್ತವೆ.

ಪ್ರಯೋಗಾಲಯದ ಸರ್ವರ್ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ. ಇದಕ್ಕೆ ‘ವರ್ಕ್ ಯೂನಿಟ್’ ಎನ್ನುತ್ತಾರೆ. ನಿಮ್ಮ ಯಂತ್ರ ಒಂದು ತುಂಡನ್ನು ಇಳಿಸಿಕೊಂಡು, ಕೆಲವು ಗಂಟೆಯೋ ಒಂದೆರಡು ದಿನವೋ ಕೆಲಸ ಮಾಡಿ, ಉತ್ತರವನ್ನು ವಾಪಸು ಕಳಿಸಿ ಇನ್ನೊಂದು ತುಂಡು ಕೇಳುತ್ತದೆ. ಪ್ರತಿ ತುಂಡಿಗೂ ಗಡುವು ಇರುತ್ತದೆ. ನೀವು ಮರೆತು ಕಂಪ್ಯೂಟರ್ ಮುಚ್ಚಿಟ್ಟು ಮದುವೆಮನೆಗೆ ಹೋದರೆ ಆ ತುಂಡು ಬೇರೆ ದೇಶದ ಬೇರೆ ಮನೆಗೆ ಹೋಗುತ್ತದೆ. ಬಿಸಿಯಾದ ಯಂತ್ರ ತಪ್ಪು ಲೆಕ್ಕ ಕೊಡಬಹುದು, ಮುಗಿಸಿದ ತುಂಡಿಗೆ ಸಿಗುವ ಅಂಕದ ಆಸೆಗೆ ಯಾರಾದರೂ ಸುಳ್ಳು ಉತ್ತರವನ್ನೂ ಕಳಿಸಬಹುದು. ಅದಕ್ಕೆಂದೇ ಬೊಯಿಂಕ್ ಯೋಜನೆಗಳಲ್ಲಿ ಒಂದೇ ತುಂಡನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುವ ಪದ್ಧತಿಯಿದೆ. ಕಂಪ್ಯೂಟರ್ ಪರದೆಯಲ್ಲಿ ಕಾಣುವುದು ಇಷ್ಟೇ: ಯೋಜನೆಯ ಹೆಸರು, ಎದುರಿಗೆ ನಿಧಾನ ತುಂಬುತ್ತಿರುವ ಒಂದು ಪಟ್ಟಿ, ಇನ್ನೆಷ್ಟು ಹೊತ್ತು ಎಂಬ ಅಂದಾಜು. ನೋಡುತ್ತ ಕೂತರೆ ಬೇಜಾರು ಬರುವಷ್ಟು ನೀರಸ.

ಆ ಪಟ್ಟಿ ತುಂಬುವಾಗ ಒಳಗೆ ನಡೆಯುವ ಕೆಲಸದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪ್ರೋಟೀನಿನ ಚಲನೆಯನ್ನು ಹಿಡಿಯುವುದು. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದ ಸರಪಳಿ. ಅದು ಮಡಚಿ ಸುತ್ತಿ ಒಂದು ಆಕಾರಕ್ಕೆ ಬಂದ ಮೇಲೇ ಕೆಲಸಕ್ಕೆ ಬರುತ್ತದೆ. ಆಲ್ಝೈಮರ್, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಮಿದುಳಿನ ಕೆಲವು ಪ್ರೋಟೀನುಗಳು ತಪ್ಪಾಗಿ ಮಡಚಿ ಗಂಟು ಕಟ್ಟುತ್ತವೆ. ಈ ಮಡಚುವಿಕೆಯನ್ನು ಕಂಪ್ಯೂಟರಿನಲ್ಲಿ ನೋಡಬೇಕೆಂದರೆ ಪ್ರತಿ ಪರಮಾಣುವಿನ ಮೇಲೆ ಉಳಿದ ಪರಮಾಣುಗಳ ಸೆಳೆತ ಎಷ್ಟು ಎಂದು ಲೆಕ್ಕ ಹಾಕಿ, ಅದನ್ನು ಒಂದು ಹೆಜ್ಜೆ ಸರಿಸಿ, ಮತ್ತೆ ಲೆಕ್ಕ ಹಾಕಬೇಕು. ಒಂದು ಹೆಜ್ಜೆ ಎಂದರೆ ಸುಮಾರು ಎರಡು ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು ಒಂದು ಫೆಮ್ಟೊಸೆಕೆಂಡ್. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಚಲನೆ ನೋಡುವುದಕ್ಕೇ 50 ಕೋಟಿ ಹೆಜ್ಜೆ ಬೇಕು. ಒಂದೇ ಯಂತ್ರ ಉದ್ದಕ್ಕೆ ಹಾಕಿಕೊಂಡು ಹೋಗುವ ಬದಲು ಸಾವಿರಾರು ಯಂತ್ರಗಳು ಬೇರೆ ಬೇರೆ ಕಡೆಯಿಂದ ಗಿಡ್ಡ ಗಿಡ್ಡ ಓಟ ಓಡಿ, ಕೊನೆಗೆ ಅವನ್ನು ಸಂಖ್ಯಾಶಾಸ್ತ್ರದ ಲೆಕ್ಕದಿಂದ ಜೋಡಿಸಿ ಪೂರ್ತಿ ನಕ್ಷೆ ಪಡೆಯಬಹುದು. ಫೋಲ್ಡಿಂಗ್ ಅಟ್ ಹೋಮ್ ಮಾಡುವುದು ಇದನ್ನು.

ಎರಡನೆಯದು ಔಷಧದ ಜರಡಿ. ವೈರಸ್ಸಿನ ಪ್ರೋಟೀನಿನ ಮೇಲ್ಮೈಯಲ್ಲಿ ತಗ್ಗುಗಳಿರುತ್ತವೆ. ಆ ತಗ್ಗುಗಳಲ್ಲೇ ಅದರ ಕೆಲಸ ನಡೆಯುತ್ತದೆ. ಅಲ್ಲಿ ಒಂದು ಸಣ್ಣ ಅಣು ಹೋಗಿ ಗಟ್ಟಿಯಾಗಿ ಕೂತರೆ ಪ್ರೋಟೀನಿನ ಕೆಲಸ ನಿಲ್ಲುತ್ತದೆ. ಯಾವ ಅಣು ಕೂರುತ್ತದೆ ಎಂದು ತಿಳಿಯಲು ಲಕ್ಷಾಂತರ ಅಣುಗಳ ಪಟ್ಟಿ ತೆಗೆದುಕೊಂಡು, ಒಂದೊಂದನ್ನೂ ಹಲವು ಕೋನಗಳಲ್ಲಿ ತಿರುಗಿಸಿ, ತಗ್ಗಿಗೆ ಇಟ್ಟು, ಅಂಟುವ ಬಲದ ಅಂದಾಜು ಹಾಕಬೇಕು. ಇದಕ್ಕೆ ‘ಡಾಕಿಂಗ್’ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಲಕ್ಷಾಂತರ ರಾಸಾಯನಿಕಗಳನ್ನು ಕೊಂಡು ಪರೀಕ್ಷಿಸುವುದು ವರ್ಷಗಟ್ಟಲೆಯ, ಕೋಟಿಗಟ್ಟಲೆಯ ಬಾಬತ್ತು. ಕಂಪ್ಯೂಟರಿನಲ್ಲಿ ಮೊದಲು ಜರಡಿ ಹಿಡಿದರೆ ಕೈಯಿಂದ ಪರೀಕ್ಷಿಸಬೇಕಾದವು ನೂರಿನ್ನೂರಕ್ಕೆ ಇಳಿಯಬಹುದು. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಏಡ್ಸ್‌ಗಾಗಿ ನಡೆಸಿದ ಯೋಜನೆ ಇದರಲ್ಲಿ ಹಳೆಯದು.

ಇಲ್ಲಿಂದ ನಮ್ಮ ಮಂಗನ ಕಾಯಿಲೆಗೆ ಬರೋಣ. 1957ರ ಆರಂಭದಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸಿಯಗಳೂ ಕೆಂಪು ಮಂಗಗಳೂ ಸಾಯತೊಡಗಿದವು, ಜೊತೆಗೆ ಜನರಿಗೂ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ, ಟಿ. ರಾಮಚಂದ್ರ ರಾವ್ ಮೊದಲಾದವರ ಹೆಸರು ಈ ಕೆಲಸದ ಜೊತೆ ಸೇರಿಕೊಂಡಿದೆ. ಮಂಗಗಳು ಸಾಯುತ್ತಿವೆ ಎಂದಾಗ ಮೊದಲು ಎದ್ದ ಭಯ ಆಫ್ರಿಕ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ ಎಂಬುದು. ಅದಲ್ಲ, ಅದೇ ಮನೆತನದ ಹೊಸ ವೈರಸ್ ಎಂದು ಗೊತ್ತಾಯಿತು. ಹರಡುವುದು ಸೊಳ್ಳೆಯಲ್ಲ, ಕಾಡಿನ ಉಣುಗು. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ಸೊಪ್ಪಿನಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುವ ಕಾಲದಲ್ಲೇ, ಎಳೆಯ ಉಣುಗುಗಳು ಎಲೆಗಳಡಿಯಲ್ಲಿ ತುಂಬಿರುತ್ತವೆ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. 2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ನಮ್ಮದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಂದರ ಹಿಂದೊಂದು ಸಾವು ಕಂಡೆವು. ಈಗ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದವರೆಗೂ ಇದು ಹೋಗಿದೆ. 1990ರಿಂದ ಕೊಡುತ್ತಿದ್ದ ಲಸಿಕೆ ಸಾಲದು ಎಂದು 2022ರಲ್ಲಿ ನಿಂತಿತು. ಐಸಿಎಂಆರ್ ಹೈದರಾಬಾದಿನ ಕಂಪನಿಯೊಂದರ ಜೊತೆ ಹೊಸದನ್ನು ರೂಪಿಸುತ್ತಿದೆ. ಈ ವೈರಸ್ಸನ್ನೇ ಹೊಡೆಯುವ ಮಾತ್ರೆ ಇಲ್ಲ. ಜ್ವರ ಇಳಿಸಿ, ನೀರು ಕೊಟ್ಟು, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ.

ಡಾಕಿಂಗ್ ಮಾಡುವವರ ಕಣ್ಣಿನಲ್ಲಿ ಈ ವೈರಸ್ ಹೇಗೆ ಕಾಣುತ್ತದೆ? ಅದರ ಆರ್‌ಎನ್‌ಎ ಸುಮಾರು 11 ಸಾವಿರ ಅಕ್ಷರದ್ದು. ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆ ಅದು ಹತ್ತು ಪ್ರೋಟೀನುಗಳನ್ನು ಬೇರೆ ಬೇರೆಯಾಗಿ ಮಾಡಿಸಿಕೊಳ್ಳುವುದಿಲ್ಲ. 3,400ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಒಂದೇ ಉದ್ದ ಸರಪಳಿ ಮಾಡಿಸಿಕೊಂಡು, ಆಮೇಲೆ ಅದನ್ನು ಕತ್ತರಿಸುತ್ತದೆ. ಕೆಲವು ಕಡೆ ಕತ್ತರಿಸುವುದು ನಮ್ಮ ಜೀವಕೋಶದ ಕಿಣ್ವ, ಉಳಿದ ಕಡೆ ವೈರಸ್ಸಿನದೇ ‘ಎನ್‌ಎಸ್3’ ಎಂಬ ಪ್ರೋಟೀನು. ಅದರ ಬಾಯಿ ಕಟ್ಟಿದರೆ ಸರಪಳಿ ಸರಪಳಿಯಾಗಿಯೇ ಉಳಿಯುತ್ತದೆ, ಹೊಸ ವೈರಸ್ ಹುಟ್ಟುವುದಿಲ್ಲ. ಡೆಂಗಿ, ಜೀಕಾ, ಹಳದಿ ಜ್ವರ, ವೆಸ್ಟ್ ನೈಲ್ ವೈರಸ್‌ಗಳದೂ ಇದೇ ಕಸುಬು. ಒಂದೇ ಮನೆತನ ಎಂದದ್ದು ಇದಕ್ಕೆ.

ಈ ಬಾಯಿ ಕಟ್ಟುವ ಅಣುವನ್ನು ಜನರ ಮನೆ ಕಂಪ್ಯೂಟರಿನಲ್ಲಿ ಹುಡುಕಿದ್ದು ಕಲ್ಪನೆಯಲ್ಲ, ನಡೆದದ್ದು. 2007ರ ಆಗಸ್ಟ್‌ನಲ್ಲಿ ವರ್ಲ್ಡ್ ಕಮ್ಯುನಿಟಿ ಗ್ರಿಡ್‌ನಲ್ಲಿ ಡೆಂಗಿ ಔಷಧ ಹುಡುಕುವ ಯೋಜನೆ ಶುರುವಾಯಿತು. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿರುವ ವೈದ್ಯಕೀಯ ವಿಶ್ವವಿದ್ಯಾಲಯದ ಸ್ಟ್ಯಾನ್ ವಾಟೊವಿಚ್ ಅದರ ಮುಂದಾಳು. ಗುರಿ ಡೆಂಗಿ ಒಂದೇ ಅಲ್ಲ, ಹೆಪಟೈಟಿಸ್ ಸಿ, ವೆಸ್ಟ್ ನೈಲ್, ಹಳದಿ ಜ್ವರದ ವೈರಸ್ಸುಗಳ ಎನ್‌ಎಸ್3 ಕೂಡ. ಬ್ರೆಜಿಲ್‌ನಲ್ಲಿ ಜೀಕಾ ಹಬ್ಬಿದ ಮರುವರ್ಷ, 2016ರಲ್ಲಿ, ಅಲ್ಲಿನ ಗೊಯಾಸ್ ಫೆಡರಲ್ ವಿಶ್ವವಿದ್ಯಾಲಯದ ಕರೋಲಿನಾ ಹೊರ್ಟಾ ಆಂದ್ರಾಡೆ ಅವರ ನೇತೃತ್ವದಲ್ಲಿ ‘ಓಪನ್ ಜೀಕಾ’ ಬಂತು. ಮಂಗನ ಕಾಯಿಲೆಯ ದಾಯಾದಿಗಳ ಲೆಕ್ಕವೆಲ್ಲ ಹೀಗೆ ಲೋಕದ ಮನೆಮನೆಯಲ್ಲಿ ನಡೆಯಿತು. ಆದರೆ ದಾಯಾದಿಗೆ ಹೊಂದಿದ ಅಣು ನಮ್ಮ ವೈರಸ್ಸಿಗೂ ಹೊಂದುತ್ತದೆಂದು ಹೇಳಲು ಬರುವುದಿಲ್ಲ. ತಗ್ಗಿನ ಅಂಚಿನಲ್ಲಿ ಒಂದೆರಡು ಅಮೈನೊ ಆಮ್ಲ ಬದಲಾದರೂ ಅಣು ಜಾರಿಬಿಡಬಹುದು. ಪ್ರತಿ ವೈರಸ್ಸಿಗೂ ಲೆಕ್ಕ ಮೊದಲಿನಿಂದ ಆಗಬೇಕು.

ವರ್ಲ್ಡ್ ಕಮ್ಯುನಿಟಿ ಗ್ರಿಡ್ ಈವರೆಗೆ ಕೈಗೆತ್ತಿಕೊಂಡ ಕಾಯಿಲೆಗಳ ಪಟ್ಟಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಚರ್ಮದ ಲೀಶ್ಮೇನಿಯಾಸಿಸ್‌ಗೆ ಔಷಧ ಹುಡುಕಲು ಹೊರಟವರು ಕೊಲಂಬಿಯಾದ ಅಂಟಿಯೊಕ್ವಿಯಾ ವಿಶ್ವವಿದ್ಯಾಲಯದವರು, ಏಕೆಂದರೆ ಅದು ಅವರ ಊರಿನ ಕಾಯಿಲೆ. ನೀರಿನ ಬಸವನಹುಳುಗಳಿಂದ ಬರುವ ಶಿಸ್ಟೊಸೋಮಾ ಕಾಯಿಲೆಗೆ ಹೊರಟವರು ಬ್ರೆಜಿಲ್‌ನವರು. ಜೀಕಾಕ್ಕೂ ಅವರೇ. ಏಡ್ಸ್, ಕ್ಯಾನ್ಸರ್‌ಗಳು ಶ್ರೀಮಂತ ದೇಶಗಳಲ್ಲೂ ಇರುವುದರಿಂದ ಅವುಗಳ ಬಗ್ಗೆ ಕೇಳುವವರು ಬೇಕಾದಷ್ಟಿದ್ದರು. ಬಡ ದೇಶಗಳ ಕಾಯಿಲೆ ಪಟ್ಟಿಗೆ ಬಂದದ್ದು, ಹಲವು ಸಲ, ಅಲ್ಲಿನವರೇ ಹೋಗಿ ಕೇಳಿದಾಗ. ಆ ಪಟ್ಟಿಯಲ್ಲಿ ಎಬೋಲಾ ಇದೆ, ಮಲೇರಿಯಾ ಇದೆ, ಕ್ಷಯ ಇದೆ. ಮಂಗನ ಕಾಯಿಲೆ ಇಲ್ಲ.

ಯಂತ್ರದ ಕೊರತೆಯಿಂದ ಹೀಗಾಯಿತು ಎನ್ನುವಂತಿಲ್ಲ. 2020ರ ವಸಂತ ಇದಕ್ಕೆ ಸಾಕ್ಷಿ. ಅದಕ್ಕೆ ಮುಂಚೆ ಫೋಲ್ಡಿಂಗ್ ಅಟ್ ಹೋಮ್‌ನಲ್ಲಿ ಸುಮಾರು 30 ಸಾವಿರ ಯಂತ್ರಗಳು ಓಡುತ್ತಿದ್ದವು. ಕೊರೊನಾ ವೈರಸ್ಸಿನ ಪ್ರೋಟೀನುಗಳ ಲೆಕ್ಕ ಮಾಡುತ್ತೇವೆ ಎಂದು ಪ್ರಕಟಿಸಿದ್ದೇ, ಕೆಲವು ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳು ಬಂದು ಸೇರಿದವು. ಮಾರ್ಚ್‌ನಲ್ಲಿ ಒಟ್ಟು ವೇಗ, ಕಂಪ್ಯೂಟರಿನ ವೇಗ ಅಳೆಯುವ ಮಾನದಲ್ಲಿ, ಒಂದು ಎಕ್ಸಾಫ್ಲಾಪ್ ದಾಟಿತು. ಜಗತ್ತಿನ ಅತಿ ವೇಗದ ಸೂಪರ್ ಕಂಪ್ಯೂಟರ್ ಎನಿಸಿದ್ದ ಅಮೆರಿಕದ ‘ಸಮಿಟ್’ ಆಗ ಸುಮಾರು 149 ಪೆಟಾಫ್ಲಾಪ್, ಅಂದರೆ ಎಕ್ಸಾಫ್ಲಾಪಿನ ಏಳನೇ ಒಂದು ಪಾಲು. ಒಂದೇ ಕಟ್ಟಡದಲ್ಲಿರುವ ಯಂತ್ರ ಆ ಗಡಿ ಮುಟ್ಟಲು 2022 ಬರಬೇಕಾಯಿತು. ಎಷ್ಟು ಯಂತ್ರ ಬಂದವೆಂದರೆ ಹಂಚಲು ಕೆಲಸವೇ ಸಾಲದೆ, ಸರ್ವರ್‌ಗಳು ಕುಂಟಿ, ಜನರ ಕಂಪ್ಯೂಟರುಗಳು ತುಂಡಿಗಾಗಿ ಕಾದು ಕೂತವು. ಕೊಡುವ ಕೈಗಳಿದ್ದವು, ತೆಗೆದುಕೊಳ್ಳುವ ವ್ಯವಸ್ಥೆ ಹಿಂದೆ ಬಿತ್ತು.

ಅಷ್ಟೆಲ್ಲ ಸೇರಿ ಮಾಡಿದ್ದೇನು? ಕೊರೊನಾ ವೈರಸ್ಸಿನ ಪ್ರೋಟೀನುಗಳ ಒಟ್ಟು 0.1 ಸೆಕೆಂಡಿನಷ್ಟು ಚಲನೆ. ಓದಿದರೆ ನಗು ಬರಬಹುದು. ಆದರೆ ಎರಡು ಫೆಮ್ಟೊಸೆಕೆಂಡಿಗೊಂದು ಹೆಜ್ಜೆಯ ಲೆಕ್ಕದಲ್ಲಿ ಅದು ಹತ್ತಾರು ಲಕ್ಷ ಕೋಟಿ ಹೆಜ್ಜೆ. ವೈರಸ್ಸಿನ ಮೇಲಿನ ಮುಳ್ಳು ಜೀವಕೋಶಕ್ಕೆ ಅಂಟಿಕೊಳ್ಳುವ ಮುನ್ನ ಎಷ್ಟು ಅಗಲ ಬಾಯಿ ತೆರೆಯುತ್ತದೆ ಎಂಬುದು ಅದರಲ್ಲಿ ಕಂಡಿತು. ನಿಂತ ಚಿತ್ರದಲ್ಲಿ ಕಾಣದ, ಪ್ರೋಟೀನ್ ಅಲ್ಲಾಡುವಾಗ ಮಾತ್ರ ತೆರೆದು ಮುಚ್ಚುವ ತಗ್ಗುಗಳೂ ಕಂಡವು. 2021ರಲ್ಲಿ ಇದು ‘ನೇಚರ್ ಕೆಮಿಸ್ಟ್ರಿ’ಯಲ್ಲಿ ಪ್ರಕಟವಾಯಿತು. ಲೋಕದ ರಸಾಯನಶಾಸ್ತ್ರಜ್ಞರು ಪೇಟೆಂಟ್ ಇಲ್ಲದ ಕೊರೊನಾ ಔಷಧಕ್ಕೆಂದು ಒಟ್ಟುಗೂಡಿದ ‘ಕೋವಿಡ್ ಮೂನ್‌ಶಾಟ್’ ಕೂಡ ತನ್ನ ಅಣುಗಳನ್ನು ಆರಿಸಲು ಇದೇ ಜನರ ಕಂಪ್ಯೂಟರುಗಳನ್ನು ಬಳಸಿತು.

ಔಷಧ ಹುಟ್ಟಿತೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಮನೆ ಕಂಪ್ಯೂಟರಿನಿಂದ ನೇರ ಮೆಡಿಕಲ್ ಶಾಪಿಗೆ ಬಂದ ಮಾತ್ರೆ ಇಲ್ಲ. ಜಪಾನಿನ ಚಿಬಾ ಕ್ಯಾನ್ಸರ್ ಕೇಂದ್ರದ ತಂಡ ಮಕ್ಕಳ ನ್ಯೂರೊಬ್ಲಾಸ್ಟೊಮಾ ಕ್ಯಾನ್ಸರಿಗಾಗಿ ಸುಮಾರು 30 ಲಕ್ಷ ಅಣುಗಳನ್ನು ಹೀಗೆ ಜರಡಿ ಹಿಡಿದು, 2014ರಲ್ಲಿ ಏಳು ಅಣುಗಳನ್ನು ಪ್ರಯೋಗಾಲಯದಲ್ಲಿ ಪರಿಣಾಮಕಾರಿ ಎಂದು ತೋರಿಸಿತು. ಏಳು ಅಣು ಎಂದರೆ ಏಳು ಔಷಧವಲ್ಲ. ಅಲ್ಲಿಂದ ಮನುಷ್ಯರ ಮೇಲಿನ ಪರೀಕ್ಷೆ ಮುಗಿಯುವವರೆಗೆ ಹತ್ತು ವರ್ಷವೂ ನೂರಾರು ಕೋಟಿಯೂ ಹಿಡಿಯುವ ದಾರಿ. ಆ ದಾರಿಯಲ್ಲಿ ಬಹಳಷ್ಟು ಅಣುಗಳು ಬಿದ್ದುಹೋಗುತ್ತವೆ. ಜನರು ಕೊಟ್ಟ ಕಂಪ್ಯೂಟರ್ ಹೊತ್ತು ಈ ದಾರಿಯ ಮೊದಲ ಮೈಲಿಯನ್ನು ಗಿಡ್ಡ ಮಾಡುತ್ತದೆ, ಅಷ್ಟೆ. ಆದರೆ ಲಾಭವಿಲ್ಲವೆಂದು ಕಂಪನಿಗಳು ಮುಟ್ಟದ ಕಾಯಿಲೆಗಳಲ್ಲಿ ಆ ಮೊದಲ ಮೈಲಿಯನ್ನು ನಡೆಯುವವರೇ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಈಗ ಆಲ್ಫಾಫೋಲ್ಡ್ ಬಂದಿದೆ, ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಪ್ರೋಟೀನಿನ ಆಕಾರ ಹೇಳುತ್ತದೆ, ಇನ್ನು ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2022ರ ಹೊತ್ತಿಗೆ ಆಲ್ಫಾಫೋಲ್ಡ್ 20 ಕೋಟಿ ಪ್ರೋಟೀನುಗಳ ಆಕಾರ ಊಹಿಸಿ ಎಲ್ಲರಿಗೂ ತೆರೆದಿಟ್ಟಿದ್ದು ನಿಜ. ಅದು ಕೊಡುವುದು ನಿಂತ ಆಕಾರ. ಪ್ರೋಟೀನ್ ಹೇಗೆ ಅಲುಗುತ್ತದೆ, ಯಾವ ಕ್ಷಣ ಯಾವ ತಗ್ಗು ತೆರೆಯುತ್ತದೆ, ಯಾವ ಅಣು ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂಬ ಲೆಕ್ಕ ಇನ್ನೂ ಉಳಿದಿದೆ. ಆಕಾರ ಸುಲಭವಾಗಿ ಸಿಗುವುದರಿಂದ ಆ ಲೆಕ್ಕವನ್ನು ಶುರು ಮಾಡುವುದು ಹಿಂದಿಗಿಂತ ಸಲೀಸಾಗಿದೆ.

ಇನ್ನು ಮನೆಯ ಬಾಬತ್ತು. ಖರ್ಚಿಲ್ಲದ ದಾನ ಎಂದು ಹೇಳುವವರು ಕರೆಂಟ್ ಬಿಲ್ ಮರೆತಿರುತ್ತಾರೆ. ಸುಮ್ಮನಿರುವ ಡೆಸ್ಕ್‌ಟಾಪ್ ಪೂರ್ತಿ ದುಡಿಯತೊಡಗಿದರೆ ನೂರು ವಾಟ್ ಹೆಚ್ಚಿಗೆ ಎಳೆಯಿತೆನ್ನಿ. ರಾತ್ರಿ ಎಂಟು ಗಂಟೆ ಓಡಿಸಿದರೆ 0.8 ಯೂನಿಟ್, ತಿಂಗಳಿಗೆ 24 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಎಂದು ಸಮಾಧಾನ ಪಡುವಂತಿಲ್ಲ. ಅಲ್ಲಿ ತೀರಾ ಕಡಿಮೆ ಬಳಸುವವರನ್ನು ಬಿಟ್ಟು ಉಳಿದವರಿಗೆ ಹಳೆಯ ಸರಾಸರಿಗೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ. ತಿಂಗಳಿಗೆ 80 ಯೂನಿಟ್ ಸರಾಸರಿಯ ಮನೆಗೆ 88ರವರೆಗೆ ಮಾತ್ರ ಉಚಿತ. ಕಂಪ್ಯೂಟರಿನ 24 ಸೇರಿದರೆ 104, ಹೆಚ್ಚಾದ 16 ಯೂನಿಟ್ಟಿಗೆ ಮೆಸ್ಕಾಂ ಬಿಲ್ ಕೊಡುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಲ್ಯಾಪ್‌ಟಾಪ್ ಇದರ ಅರ್ಧವನ್ನೂ ಎಳೆಯುವುದಿಲ್ಲ, ಆದರೆ ಬಿಸಿ ತಡೆದುಕೊಳ್ಳುವ ಶಕ್ತಿಯೂ ಅದಕ್ಕೆ ಕಡಿಮೆ. ತಂತ್ರಾಂಶದಲ್ಲಿ ಪ್ರೊಸೆಸರಿನ ಅರ್ಧ ಶಕ್ತಿ ಮಾತ್ರ ಬಳಸು, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ ಓಡು ಎಂದು ಹೇಳಿಡಲು ಸಾಧ್ಯವಿದೆ. ಮೊದಲ ದಿನವೇ ಹೇಳಿಡುವುದು ಒಳ್ಳೆಯದು.

ಕರೆಂಟ್ ಹೋದರೆ? ನಮ್ಮಲ್ಲಿ ಕೇಳಲೇಬೇಕಾದ ಪ್ರಶ್ನೆ. ತಂತ್ರಾಂಶ ಆಗಾಗ ತಾನು ಎಲ್ಲಿಯವರೆಗೆ ಬಂದೆ ಎಂದು ಡಿಸ್ಕಿನಲ್ಲಿ ಗುರುತು ಮಾಡಿಟ್ಟುಕೊಳ್ಳುತ್ತದೆ. ಯುಪಿಎಸ್ ಕೀಂಗುಟ್ಟಿ ನಿಂತುಹೋದರೂ ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಹೋದರೆ ಕೆಲವು ನಿಮಿಷದ ಕೆಲಸ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಮಾತ್ರ ವಿಜ್ಞಾನದ ಮುಲಾಜು ಬೇಡ, ಪ್ಲಗ್ಗು ಕಿತ್ತು, ಇಂಟರ್‌ನೆಟ್ಟಿನ ವೈರನ್ನೂ ಕಿತ್ತಿಡಬೇಕು. ಆಷಾಢದ ಮಳೆಯಲ್ಲಿ ಯಂತ್ರಕ್ಕೆ ಬೂಷ್ಟು ಹಿಡಿಯದಂತೆ ಬಲ್ಬಿನ ಬುಡದಲ್ಲಿಡುವ ಮನೆಗಳಿಗೆ ಒಂದು ಉಪಲಾಭವುಂಟು: ದುಡಿಯುವ ಕಂಪ್ಯೂಟರ್ ತನ್ನ ಬಿಸಿಯಲ್ಲೇ ಒಣಗಿಕೊಂಡಿರುತ್ತದೆ. ಇಂಟರ್‌ನೆಟ್ ಪೂರ್ತಿ ಹೊತ್ತು ಬೇಕಿಲ್ಲ. ತುಂಡು ಇಳಿಸಿಕೊಳ್ಳುವಾಗ, ಉತ್ತರ ಕಳಿಸುವಾಗ ಸಿಕ್ಕಿದರೆ ಸಾಕು. ಆಂಡ್ರಾಯ್ಡ್ ಫೋನಿಗೂ ಬೊಯಿಂಕ್ ಇದೆ. ಅದು ಚಾರ್ಜಿಗೆ ಹಾಕಿದಾಗ, ವೈಫೈ ಇದ್ದಾಗ ಮಾತ್ರ ಕೆಲಸಕ್ಕಿಳಿಯುವಂತೆ ಇಟ್ಟಿರುತ್ತದೆ, ಬ್ಯಾಟರಿಯ ಆಯಸ್ಸಿಗೆ ಅದೇ ಲೇಸು.

ತಂತ್ರಾಂಶವನ್ನು ಯೋಜನೆಯ ಸ್ವಂತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು. ಸಂಶೋಧನೆ ಎಂದು ಹೇಳಿ ನಿಮ್ಮ ಯಂತ್ರದಲ್ಲಿ ಕ್ರಿಪ್ಟೊ ನಾಣ್ಯ ಟಂಕಿಸಿಕೊಳ್ಳುವ ಕಳ್ಳರೂ ಇದ್ದಾರೆ. ಮಹಡಿಯ ಮೇಲಿನ ಲ್ಯಾಪ್‌ಟಾಪ್ ಕಂಪನಿಯದಾದರೆ ಕೇಳದೆ ಹಾಕುವಂತಿಲ್ಲ. ಎರಡು ದಶಕದ ಹಿಂದೆ ಅಮೆರಿಕದ ಜಾರ್ಜಿಯಾದಲ್ಲಿ ಕಾಲೇಜಿನ ಕಂಪ್ಯೂಟರುಗಳಿಗೆ ಅಪ್ಪಣೆಯಿಲ್ಲದೆ ಇಂಥದೊಂದು ತಂತ್ರಾಂಶ ಹಾಕಿದ ನೌಕರನ ಮೇಲೆ ಕ್ರಿಮಿನಲ್ ಕೇಸೇ ನಡೆದಿತ್ತು. ದಾನ ಕೊಡುವ ವಸ್ತು ನಮ್ಮದಾಗಿರಬೇಕು ಎಂಬ ಹಳೇ ನಿಯಮ ಇಲ್ಲೂ ಉಂಟು.

ಕರೆಂಟಿನ ಮಾತು ಬಂದಾಗ ಸಾಗರ ಸೀಮೆಯವರಿಗೆ ಇನ್ನೊಂದು ಲೆಕ್ಕ ತಲೆಯಲ್ಲಿ ಸುಳಿಯದೆ ಇರುವುದಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಆಣೆಕಟ್ಟು ಶರಾವತಿ ಕಣಿವೆಯ ಹಳ್ಳಿಗಳನ್ನು ಮುಳುಗಿಸಿ ನಾಡಿಗೆ ಬೆಳಕು ಕೊಟ್ಟಿತು. ಕರ್ನಾಟಕದ ಕಂಪ್ಯೂಟರುಗಳು ಓಡಿದ ಕರೆಂಟಿನಲ್ಲಿ ಈ ಕಣಿವೆಯ ಪಾಲಿದೆ. ಮಂಗನ ಕಾಯಿಲೆ ಅಟಕಾಯಿಸಿಕೊಂಡ ಅರಳಗೋಡು ಇರುವುದೂ ಇದೇ ಕಣಿವೆಯಲ್ಲಿ. ರಾಜ್ಯಕ್ಕೆ ಇಷ್ಟು ಕೊಟ್ಟ ಸೀಮೆ ತನ್ನ ಕಾಯಿಲೆಯ ಬಗ್ಗೆ ಒಂದು ಲೆಕ್ಕ ಬಿಡಿಸಿಕೊಡಿ ಎಂದು ಕೇಳಿದರೆ ಅದು ಬೇಡಿದಂತಾಗುವುದಿಲ್ಲ.

ಕೇಳುವುದೆಂದರೆ ಏನೇನು ಬೇಕು? ಮೊದಲು, ಪ್ರಶ್ನೆಯನ್ನು ಕಟ್ಟುವ ಒಬ್ಬ ವಿಜ್ಞಾನಿ ಮತ್ತು ಒಂದು ತಂಡ. ಎರಡನೆಯದು, ವೈರಸ್ಸಿನ ಪ್ರೋಟೀನುಗಳ ನಂಬಬಹುದಾದ ಆಕಾರ. ಮೂರನೆಯದು, ಜರಡಿಯಲ್ಲಿ ಉಳಿದ ಅಣುಗಳನ್ನು ಜೀವಂತ ವೈರಸ್ಸಿನ ಮೇಲೆ ಪರೀಕ್ಷಿಸುವ ಸುರಕ್ಷಿತ ಪ್ರಯೋಗಾಲಯ. ಈ ಮೂರನೆಯದು ದೇಶದಲ್ಲಿ ಆಗಲೇ ಇದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಅತಿ ಹೆಚ್ಚಿನ ಸುರಕ್ಷತೆಯ ಬಿಎಸ್‌ಎಲ್-4 ಪ್ರಯೋಗಾಲಯ ಹತ್ತು ವರ್ಷಕ್ಕೂ ಹಿಂದೆಯೇ ಶುರುವಾಗಿದೆ. ಕ್ಯಾಸನೂರಿಗೆ 1957ರಲ್ಲಿ ಬಂದದ್ದೂ ಇದೇ ಸಂಸ್ಥೆಯ ಹಿರಿಯರು. ನಾಲ್ಕನೆಯದು, ಲೆಕ್ಕ ಹಂಚುವ ಸರ್ವರ್. ಬೊಯಿಂಕ್ ಮುಕ್ತ ತಂತ್ರಾಂಶವಾದ್ದರಿಂದ ಯಾವ ವಿಶ್ವವಿದ್ಯಾಲಯ ಬೇಕಾದರೂ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ, ತನ್ನದೇ ಯೋಜನೆ ತೆರೆಯಬಹುದು. ಜನರನ್ನು ಸೇರಿಸಿಕೊಂಡು ಸಂಶೋಧನೆ ಮಾಡುವುದು ನಮ್ಮ ದೇಶಕ್ಕೆ ಹೊಸತೂ ಅಲ್ಲ. 2008ರಲ್ಲಿ ಸಿಎಸ್‌ಐಆರ್ ಕ್ಷಯರೋಗಕ್ಕಾಗಿ ‘ಓಪನ್ ಸೋರ್ಸ್ ಡ್ರಗ್ ಡಿಸ್ಕವರಿ’ ಶುರು ಮಾಡಿ, ನೂರಾರು ವಿದ್ಯಾರ್ಥಿಗಳ ಕೈಯಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಜೀನುಗಳಿಗೆ ವಿವರಣೆ ಬರೆಸಿತ್ತು.

ಐದನೆಯದಾಗಿ ಬೇಕಾದ ಮನೆ ಕಂಪ್ಯೂಟರುಗಳ ಚಿಂತೆ ಬೇಡ. 1949ರಲ್ಲಿ ಊರ ಜನ ಸೇರಿ ನಾಟ್ಯ ಸಂಘ ಕಟ್ಟಿ, ಲೋಕದ ನಾಟಕ ಸಿನಿಮಾಗಳನ್ನು ಅಡಿಕೆ ತೋಟದ ನಡುವೆ ತರಿಸಿಕೊಂಡ ಊರು ಹೆಗ್ಗೋಡು. ನೀನಾಸಮ್ ಎಂಬ ಆ ಸಂಘವನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇಂಥ ಹಟಕ್ಕೇ. ಒಳ್ಳೆಯ ಕಾರಣವೊಂದು ಎದುರಿಗೆ ಬಂದರೆ ಇಲ್ಲಿನವರು ಹಿಂದೆ ಸರಿಯುವವರಲ್ಲ. ಮಂಗನ ಕಾಯಿಲೆಯ ಹೆಸರಿನ ಒಂದು ಯೋಜನೆ ತೆರೆದರೆ ತೀರ್ಥಹಳ್ಳಿಯಿಂದ ಕ್ಯಾಲಿಫೋರ್ನಿಯಾದವರೆಗೆ ಮಲೆನಾಡಿನ ಮಕ್ಕಳ ಕಂಪ್ಯೂಟರುಗಳು ಸೇರಿಕೊಳ್ಳುತ್ತವೆ. ಕೊರತೆಯಿರುವುದು ಪಟ್ಟಿಯ ಮೊದಲ ಸಾಲಿನಲ್ಲಿ, ಕೇಳುವವರಲ್ಲಿ. ಸಂಶೋಧನಾ ಸಂಸ್ಥೆಗಳ ಮುಂದೆ, ಶಾಸಕರ ಮುಂದೆ, ಇಲ್ಲಿಂದ ಹೋಗಿ ವಿಜ್ಞಾನಿಗಳಾದ ನಮ್ಮವರ ಮುಂದೆ ಇಡಬೇಕಾದ ಬೇಡಿಕೆ ಇದು. ಆಸ್ಪತ್ರೆ ಕೊಡಿ, ಲಸಿಕೆ ಕೊಡಿ ಎಂದು ಕೇಳುತ್ತ ಬಂದಿದ್ದೇವೆ, ಸರಿಯೇ. ಅದರ ಜೊತೆಗೆ ನಮ್ಮ ವೈರಸ್ಸಿನ ಬಗ್ಗೆ ಸಂಶೋಧನೆ ಮಾಡಿ ಎಂದೂ ಕೇಳಬೇಕು.

ಅಲ್ಲಿಯವರೆಗೆ ಕ್ಯಾನ್ಸರಿಗೋ ಆಲ್ಝೈಮರ್‌ಗೋ ಕಂಪ್ಯೂಟರ್ ಓಡಿಸುವವರು ಓಡಿಸಲಿ. ಆ ಕಾಯಿಲೆಗಳೂ ನಮ್ಮ ಮನೆಗಳಲ್ಲಿವೆ. ಆದರೆ ಮಂಗನ ಕಾಯಿಲೆಯ ವಿಜ್ಞಾನಕ್ಕೆ ಈ ಸೀಮೆಯ ಜನ ಕೊಡುತ್ತ ಬಂದ ದೊಡ್ಡ ಸಹಾಯಕ್ಕೆ ಕರೆಂಟೂ ಬೇಡ. ಕಾಡಿನಲ್ಲಿ ಸತ್ತ ಮಂಗ ಕಂಡ ಕೂಡಲೇ ಯಾರೋ ಒಬ್ಬರು ಹೇಳುತ್ತಾರೆ, ಆರೋಗ್ಯ ಇಲಾಖೆಯವರು ಬಂದು ಮಾದರಿ ತೆಗೆಯುತ್ತಾರೆ, ಸುತ್ತ ಔಷಧ ಹೊಡೆಯುತ್ತಾರೆ, ಆ ವರ್ಷ ವೈರಸ್ ಎಲ್ಲಿ ಓಡಾಡುತ್ತಿದೆ ಎಂಬುದು ಹಾಗೆಯೇ ಗೊತ್ತಾಗುವುದು. 1957ರಲ್ಲೂ ಕಾಯಿಲೆಯ ಮೊದಲ ಸುಳಿವು ಸಿಕ್ಕಿದ್ದು ಸತ್ತ ಮಂಗಗಳ ಸುದ್ದಿಯಿಂದಲೇ. ಈ ಡಿಸೆಂಬರಿನಲ್ಲಿ ತಂತ್ರಾಂಶ ಹಾಕಿಕೊಳ್ಳುವುದು, ಸತ್ತ ಮಂಗ ಕಂಡಾಗ ಆಶಾ ಕಾರ್ಯಕರ್ತೆಗೆ ಫೋನ್ ಮಾಡುವುದು, ಎರಡರಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಫೋನ್ ಮಾಡಲಿ.